ಮುಧೋಳ ನಾಯಿ: ಗುಣವನ್ನರಿತು ಹೊಣೆಯುಳ್ಳ ಮಾಲೀಕರಿಗೆ ಒಪ್ಪಿಸುವ ಬಗೆ

ಪೀಠಿಕೆ

ಬಾಗಲಕೋಟೆ ಜಿಲ್ಲೆಯ ಮುಧೋಳ ಹಾಗೂ ಸುತ್ತಮುತ್ತಲಿನ ಗ್ರಾಮಗಳಲ್ಲಿ ತಲೆಮಾರುಗಳಿಂದ ಸಾಕಿಕೊಂಡು ಬಂದಿರುವ ಮುಧೋಳ ನಾಯಿಯು ನಮ್ಮ ರಾಜ್ಯದ ಹೆಮ್ಮೆಯ ದೇಶೀ ತಳಿಯಾಗಿದೆ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಗೆ ವಿಶೇಷ ಪೋಷಣೆ ನೀಡಿದ್ದರು. ಭಾರತೀಯ ಅಂಚೆ ಇಲಾಖೆಯು 2005ರಲ್ಲಿ ಈ ತಳಿಯ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. 2016ರಲ್ಲಿ ಭಾರತೀಯ ಸೇನೆಯ ತರಬೇತಿಗಾಗಿ ಮುಧೋಳ ಮರಿಗಳನ್ನು ಮೀರತ್‌ಗೆ ಕಳುಹಿಸಲಾಯಿತು. ಇದರಿಂದ ತಳಿಯ ಕೀರ್ತಿಯೊಂದಿಗೆ ಮರಿಗಳಿಗೆ ಬೇಡಿಕೆಯೂ ಹೆಚ್ಚಿದೆ. ಬೇಡಿಕೆ ಹೆಚ್ಚಿದಂತೆ ಮರಿಯು ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆಯೂ ಮುಖ್ಯವಾಗುತ್ತದೆ. ಈ ಕುರಿತು ಸಾಕಣೆದಾರರಿಗೆ ಹಾಗೂ ಸಾರ್ವಜನಿಕರಿಗೆ ಮಾಹಿತಿ ನೀಡುವುದು ಈ ಲೇಖನದ ಉದ್ದೇಶವಾಗಿದೆ.

ತಳಿಯ ಗುಣವಿಶೇಷಗಳು

ಮುಧೋಳ ನಾಯಿಯು ವಾಸನೆಗಿಂತ ಹೆಚ್ಚಾಗಿ ದೃಷ್ಟಿಯನ್ನು ಅವಲಂಬಿಸಿ ಬೇಟೆಯನ್ನು ಬೆನ್ನಟ್ಟುವ ವರ್ಗಕ್ಕೆ ಸೇರಿದೆ. ನೀಳವಾದ ಕಿರಿದಾದ ತಲೆ, ಆಳವಾದ ಎದೆ, ಒಳಸರಿದ ಹೊಟ್ಟೆ, ಉದ್ದನೆಯ ಕಾಲುಗಳು ಮತ್ತು ಗಿಡ್ಡ ಕೂದಲು ಇದರ ಲಕ್ಷಣಗಳು. ಬಯಲುಸೀಮೆಯ ಬಿಸಿಲಿನಲ್ಲಿ ವೇಗವಾಗಿ ಓಡಲು ಈ ಮೈಕಟ್ಟು ಅನುಕೂಲಕರವಾಗಿದೆ. ಮನೆಯವರೊಂದಿಗೆ ನಿಷ್ಠೆಯಿಂದಿರುವ ಈ ನಾಯಿಯು ಅಪರಿಚಿತರನ್ನು ಸುಲಭವಾಗಿ ಹತ್ತಿರಕ್ಕೆ ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದಲೇ ರೈತರು ಹೊಲಮನೆಗಳ ಕಾವಲಿಗೂ, ಕುರಿಗಾರರು ಹಿಂಡಿನ ರಕ್ಷಣೆಗೂ ಇದನ್ನು ನೆಚ್ಚಿಕೊಂಡಿದ್ದಾರೆ.

ಬೆಲೆ ಮತ್ತು ಮೌಲ್ಯ

ಮರಿಯ ಬೆಲೆಯು ಮಾರಾಟದ ದಿನವೇ ತೀರುವ ಲೆಕ್ಕ. ಅದರ ಮೌಲ್ಯವು ಮುಂದಿನ ಹತ್ತಕ್ಕೂ ಹೆಚ್ಚು ವರ್ಷಗಳ ಸೇವೆಯಲ್ಲಿದೆ. ಬಣ್ಣ ಮತ್ತು ಎತ್ತರವನ್ನು ಮಾತ್ರ ನೋಡಿ ಸಂತಾನಾಭಿವೃದ್ಧಿ ಮಾಡಿದಲ್ಲಿ ಓಟ, ದೃಷ್ಟಿ, ಧೈರ್ಯ ಮತ್ತು ಸಮಚಿತ್ತದಂತಹ ಗುಣಗಳು ಕೆಲವೇ ತಲೆಮಾರುಗಳಲ್ಲಿ ಕ್ಷೀಣಿಸುವ ಸಂಭವವಿದೆ. ಹೆಸರು ಮಾತ್ರ ಉಳಿದು ಗುಣ ಅಳಿದರೆ ತಳಿ ಉಳಿಯಿತೆಂದು ಹೇಳಲಾಗದು. ಆದುದರಿಂದ ಸಾಕಣೆದಾರರು ತಂದೆ ತಾಯಿ ನಾಯಿಗಳ ಆರೋಗ್ಯ, ಸ್ವಭಾವ ಹಾಗೂ ಕಾರ್ಯಸಾಮರ್ಥ್ಯವನ್ನು ಪುಸ್ತಕದಲ್ಲಿ ದಾಖಲಿಸಿಡುವುದು ಮತ್ತು ರಕ್ತಸಂಬಂಧವಿರುವ ನಾಯಿಗಳನ್ನು ಕೂಡಿಸದಿರುವುದು ಅವಶ್ಯಕ.

ಮರಿಯನ್ನು ಒಪ್ಪಿಸುವ ಮುನ್ನ

ಬಯಲಿನಲ್ಲಿ ಓಡಲೆಂದೇ ರೂಪುಗೊಂಡ ಪ್ರಾಣಿಯನ್ನು ಚಿಕ್ಕ ಮನೆಯೊಂದರ ಬಾಲ್ಕನಿಯಲ್ಲಿ ದಿನವಿಡೀ ಕಟ್ಟಿಹಾಕಿದರೆ ಅದು ಬೊಗಳುತ್ತದೆ, ಸಾಮಾನುಗಳನ್ನು ಕಡಿಯುತ್ತದೆ, ಸಿಡುಕು ಸ್ವಭಾವವನ್ನು ಬೆಳೆಸಿಕೊಳ್ಳುತ್ತದೆ. ಬೇಸತ್ತ ಮಾಲೀಕರು ಕೊನೆಗೆ ಅದನ್ನು ಬೀದಿಗೆ ಬಿಡುವ ಪ್ರಸಂಗವೂ ಉಂಟು. ಇಲ್ಲಿ ದೋಷ ನಾಯಿಯದಲ್ಲ. ಗುಣಕ್ಕೆ ತಕ್ಕ ಮನೆಯನ್ನು ಆರಿಸದಿರುವುದೇ ದೋಷ. ಹೆಚ್ಚು ಹಣ ಕೊಡುವವರೇ ತಕ್ಕ ಮಾಲೀಕರೆಂದು ಭಾವಿಸದೆ, ಸಾಕಣೆದಾರರು ಈ ಕೆಳಗಿನ ಅಂಶಗಳನ್ನು ವಿಚಾರಿಸತಕ್ಕದ್ದು.

1. ನಾಯಿಯು ದಿನವೂ ಓಡಾಡಲು ಬೇಲಿಯುಳ್ಳ ತೆರೆದ ಜಾಗವಿದೆಯೇ?
2. ಮನೆಯ ಎಲ್ಲ ಸದಸ್ಯರ ಒಪ್ಪಿಗೆ ಇದೆಯೇ? ದಿನನಿತ್ಯದ ಆರೈಕೆಗೆ ಯಾರು ಹೊಣೆ?
3. ಆಹಾರ, ಲಸಿಕೆ ಮತ್ತು ಚಿಕಿತ್ಸೆಯ ನಿರಂತರ ವೆಚ್ಚವನ್ನು ಭರಿಸಲು ಶಕ್ತರೇ?
4. ಮನೆಯಲ್ಲಿ ಕೋಳಿ, ಮೊಲ, ಬೆಕ್ಕುಗಳಿವೆಯೇ? ಓಡುವುದನ್ನು ಬೆನ್ನಟ್ಟುವುದು ಈ ತಳಿಯ ಹುಟ್ಟುಗುಣವೆಂಬುದು ತಿಳಿದಿದೆಯೇ?
5. ಸಾಕಲು ಸಾಧ್ಯವಾಗದಿದ್ದಲ್ಲಿ ನಾಯಿಯನ್ನು ಸಾಕಣೆದಾರರಿಗೇ ಹಿಂದಿರುಗಿಸಲು ಒಪ್ಪುವರೇ?

ಕೊನೆಯ ಅಂಶವನ್ನು ಲಿಖಿತವಾಗಿ ಪಡೆದಿಟ್ಟುಕೊಳ್ಳುವುದು ಉಭಯತರಿಗೂ ಕ್ಷೇಮ.

ಮಾಲೀಕರ ಜವಾಬ್ದಾರಿ

ಈ ತಳಿಯ ಪಕ್ಕೆಲುಬುಗಳು ತುಸು ಕಾಣಿಸುವುದು ಸಹಜ. ಬಡಕಲಾಗಿದೆಯೆಂದು ಭಾವಿಸಿ ಅತಿಯಾಗಿ ಉಣಿಸಿದರೆ ಓಟದ ಶಕ್ತಿ ಕುಂದುತ್ತದೆ. ಚರ್ಮ ತೆಳುವಾಗಿದ್ದು ಕೂದಲು ಗಿಡ್ಡವಾಗಿರುವುದರಿಂದ ಚಳಿಗಾಲದಲ್ಲಿ ಬೆಚ್ಚನೆಯ ಹಾಸು ಒದಗಿಸಬೇಕು. ಪಶುವೈದ್ಯರ ಸಲಹೆಯಂತೆ ಜಂತುನಾಶಕ ಔಷಧಿಯನ್ನೂ, 3 ತಿಂಗಳ ವಯಸ್ಸಿನಲ್ಲಿ ರೇಬೀಸ್ ನಿರೋಧಕ ಲಸಿಕೆಯನ್ನೂ ಕೊಡಿಸಿ, ಲಸಿಕೆಯನ್ನು ನಿಗದಿತ ಅವಧಿಗೆ ಪುನರಾವರ್ತಿಸಬೇಕು. ರಸ್ತೆಯ ಬಳಿ ಹಗ್ಗವಿಲ್ಲದೆ ಬಿಡಬಾರದು. ಬೆನ್ನಟ್ಟತೊಡಗಿದ ನಾಯಿಗೆ ಮಾಲೀಕರ ಕೂಗು ಕೇಳಿಸಿದರೂ ನಿಲ್ಲದು.

ಕಾನೂನಿನ ನಿಬಂಧನೆಗಳು

ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟ ಕುರಿತ 2017ರ ನಿಯಮಗಳ ಪ್ರಕಾರ ಸಾಕಣೆದಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳತಕ್ಕದ್ದು. 8 ವಾರಕ್ಕಿಂತ ಕಡಿಮೆ ವಯಸ್ಸಿನ ಮರಿಗಳನ್ನು ಮಾರುವಂತಿಲ್ಲ. ನಾಯಿಯನ್ನು ಸದಾ ಕಟ್ಟಿಹಾಕಿ ವ್ಯಾಯಾಮ ನೀಡದಿರುವುದು ಹಾಗೂ ಹಸಿವು ನೀರಡಿಕೆಯಿಂದ ನರಳುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದಡಿ ಅಪರಾಧವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಪ್ರಕಾರ ಮೊಲ ಮೊದಲಾದ ವನ್ಯಪ್ರಾಣಿಗಳ ಬೇಟೆಗೆ ನಾಯಿಯನ್ನು ಬಳಸುವಂತಿಲ್ಲ. ಹಿಂದೆ ಬೇಟೆಯಲ್ಲಿ ಮೆರೆದ ಗುಣಗಳಿಗೆ ಇಂದು ಕಾವಲು, ಕುರಿ ರಕ್ಷಣೆ ಹಾಗೂ ಭದ್ರತಾ ಸೇವೆಗಳೇ ತಕ್ಕ ಕ್ಷೇತ್ರಗಳಾಗಿವೆ.

ಮುಕ್ತಾಯ

ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವು ಮುಧೋಳದ ಸಮೀಪದ ತಿಮ್ಮಾಪುರದಲ್ಲಿದೆ. ಮರಿ ಕೊಳ್ಳಲಿಚ್ಛಿಸುವವರು ಮೊದಲು ತಮ್ಮ ಸಮೀಪದ ಪಶು ಚಿಕಿತ್ಸಾಲಯದಲ್ಲಿ ಸಮಾಲೋಚಿಸುವುದು ಒಳಿತು. ಕಾವಲಿಗೆ ನಾಯಿ ಬೇಕಿಲ್ಲದವರು, ಓಡಿಸಲು ಸಮಯವಿಲ್ಲದವರು ಈ ತಳಿಯನ್ನು ಕೊಳ್ಳದಿರುವುದೂ ತಳಿಗೆ ಮಾಡುವ ಉಪಕಾರವೇ ಆಗಿದೆ. ತಕ್ಕ ಮನೆ ಸೇರಿದ ಒಂದು ಮರಿಯು ಆ ಮನೆಯನ್ನು ಕಾಯುವುದರ ಜೊತೆಗೆ ತನ್ನ ತಳಿಯ ಹೆಸರನ್ನೂ ಕಾಯುತ್ತದೆ.