ಗಣಕಯಂತ್ರಕ್ಕೆ ಹೊಸ ಮೇಸ್ತ್ರಿ ಬೇಕೇ?

ಸಂಘದ ಕಚೇರಿಯ ಗಣಕಯಂತ್ರಗಳಿಗೆ ವಿಂಡೋಸ್ 11 ಹಾಕಿಸಿದರೆ ಕೆಲಸ ಇಮ್ಮಡಿ ವೇಗವಾಗುವುದೆಂದು ಮಾರಾಟಗಾರರೊಬ್ಬರು ಆಡಳಿತ ಮಂಡಳಿಯ ಮುಂದೆ ಹೇಳಿದ್ದರು. ಖರ್ಚಾಗುವುದು ಸದಸ್ಯರ ಹಣವಾದ್ದರಿಂದ, ಈ ಮಾತಿನಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ನಾವು ವಿಚಾರಿಸಿ ತಿಳಿದುದನ್ನು ಸದಸ್ಯ ಬಂಧುಗಳ ಮುಂದಿಡುತ್ತಿದ್ದೇವೆ.

ಯಂತ್ರದೊಳಗೆ ಲೆಕ್ಕ ಮಾಡುವುದು ಪ್ರೊಸೆಸರ್. ಅದಕ್ಕೆ ಕೆಲಸ ಹಂಚುವುದು ಆಪರೇಟಿಂಗ್ ಸಿಸ್ಟಮ್. ಒಂದು ಆಳು, ಇನ್ನೊಂದು ಮೇಸ್ತ್ರಿ ಎಂದುಕೊಳ್ಳಿ. ಹಿಂದೆ ನಮ್ಮಂಥ ಕಚೇರಿಗಳ ಯಂತ್ರಗಳಲ್ಲಿ ಪ್ರೊಸೆಸರಿನ ಕೋರ್‌ಗಳೆಲ್ಲ ಒಂದೇ ಶಕ್ತಿಯವಾಗಿದ್ದವು. ಯಾವುದಕ್ಕೆ ಯಾವ ಕೆಲಸ ಕೊಟ್ಟರೂ ನಡೆಯುತ್ತಿತ್ತು. 2021ರ ನವೆಂಬರಿನಲ್ಲಿ ಇಂಟೆಲ್ ಕಂಪೆನಿಯ 12ನೇ ತಲೆಮಾರು ಬಂದಾಗ ಇದು ಬದಲಾಯಿತು. ಅದರ ಐ9-12900ಕೆ ಎಂಬುದರಲ್ಲಿ 16 ಕೋರ್‌ಗಳು. 8 ಬಲಿಷ್ಠ, ಉಳಿದ 8 ಕಡಿಮೆ ವಿದ್ಯುತ್ತಿನಲ್ಲಿ ಸಣ್ಣ ಕೆಲಸ ನೋಡಿಕೊಳ್ಳುವಂಥವು. ತೋಟದಲ್ಲಿ ಕೊನೆಗಾರನೂ ಇದ್ದಾನೆ, ಉದುರಡಿಕೆ ಹೆಕ್ಕುವವರೂ ಇದ್ದಾರೆ. ಆಳಿನ ಗುರುತಿಲ್ಲದ ಮೇಸ್ತ್ರಿ ಕೊನೆಗಾರನನ್ನು ಹೆಕ್ಕಲು ಕಳಿಸಿದರೆ ಆ ದಿನದ ಕೊಯ್ಲಿನ ಗತಿಯೇನು? ಯಾವ ಕೆಲಸ ಎಂಥದ್ದೆಂಬ ಸುಳಿವನ್ನು ಈ ಪ್ರೊಸೆಸರ್ ತಾನೇ ಕೊಡುತ್ತದೆ. 2021ರ ಅಕ್ಟೋಬರ್ 5ರಂದು ಬಿಡುಗಡೆಯಾದ ವಿಂಡೋಸ್ 11 ಆ ಸುಳಿವನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ವಿಂಡೋಸ್ 10 ಅಷ್ಟು ಬಳಸದು. ಅಷ್ಟರ ಮಟ್ಟಿಗೆ ಮಾರಾಟಗಾರರ ಮಾತು ನಿಜ. ಇಮ್ಮಡಿ ಎಂಬುದು ಮಾತ್ರ ಬರೀ ಬಾಯಿಮಾತು. ರಸೀದಿ, ಬಡ್ಡಿ ಲೆಕ್ಕ ಇಂಥವುಗಳಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣದು.

ಹೊಸತು ಮೊದಲ ದಿನದಿಂದಲೇ ಒಳ್ಳೆಯದೆಂದೂ ಇಲ್ಲ. ಅದೇ ಅಕ್ಟೋಬರಿನಲ್ಲಿ ಎಎಂಡಿ ಕಂಪೆನಿಯ ರೈಜೆನ್ ಪ್ರೊಸೆಸರ್‌ಗಳು ವಿಂಡೋಸ್ 11ರಲ್ಲಿ ಹಿಂದಿಗಿಂತ ನಿಧಾನವಾದವು. ಕೆಲವು ಕೆಲಸಗಳಲ್ಲಿ ಶೇಕಡಾ 3ರಿಂದ 5, ಕೆಲವು ಆಟಗಳಲ್ಲಿ 10ರಿಂದ 15ರಷ್ಟು ಇಳಿಕೆಯಾಗಬಹುದೆಂದು ಕಂಪೆನಿಯೇ ಒಪ್ಪಿತು. ಆ ತಿಂಗಳೊಳಗೇ ತಿದ್ದುಪಡಿಯೂ ಬಂತು. ಹೊಸ ಔಷಧಿಯನ್ನು ಮೊದಲು ಪಕ್ಕದ ತೋಟದವರು ಹೊಡೆಯಲಿ ಎಂದು ಕಾಯುವ ನಮ್ಮ ಬುದ್ಧಿ ಇಲ್ಲಿಯೂ ಕೆಟ್ಟದ್ದಲ್ಲ.

ಇನ್ನು ನಮ್ಮ ಕಚೇರಿ. ಹಳೆಯ ಯಂತ್ರ ಇಂಟೆಲ್ 6ನೇ ತಲೆಮಾರಿನದು. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ 8ನೆಯದಾದರೂ ಬೇಕು. ತಿರುಗುವ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದೆವು; ಲೆಡ್ಜರ್ ತೆರೆಯುವಷ್ಟರಲ್ಲಿ ಕಾಫಿ ಕುಡಿದು ಬರುತ್ತಿದ್ದ ಗುಮಾಸ್ತರಿಗೆ ಈಗ ಆ ಪುರಸೊತ್ತಿಲ್ಲ. ಮೇಸ್ತ್ರಿಯನ್ನು ಬದಲಿಸದೆಯೇ ಸಿಕ್ಕ ವೇಗವಿದು. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಭದ್ರತಾ ತಿದ್ದುಪಡಿಯಿಲ್ಲದ ಯಂತ್ರದಲ್ಲಿ ಸದಸ್ಯರ ಸಾಲ, ಠೇವಣಿಯ ಲೆಕ್ಕವಿಟ್ಟು ಇಂಟರ್‌ನೆಟ್ಟಿಗೆ ಜೋಡಿಸುವುದು ಉಗ್ರಾಣಕ್ಕೆ ಬೀಗ ಹಾಕದೆ ಮಲಗಿದಂತೆ.

12ನೇ ತಲೆಮಾರಿನ ಎರಡನೆಯ ಯಂತ್ರಕ್ಕೆ ವಿಂಡೋಸ್ 11 ಹಾಕಿಸಿಯೂ ಆಯಿತು. ಪಾಸ್‌ಬುಕ್ ಪ್ರಿಂಟರ್ ಅದಕ್ಕೆ ಹೊಂದುವುದೇ ಎಂದು ನಾವು ಮೊದಲೇ ನೋಡಲಿಲ್ಲ. ಅಡಿಕೆ ಸುಗ್ಗಿಯಲ್ಲಿ ಎರಡು ದಿನ ಸದಸ್ಯರು ಬರಿಗೈಯಲ್ಲಿ ಮರಳಿದರು. ತಪ್ಪು ನಮ್ಮದೇ.

ಸದ್ಯ ಹಳೆಯ ಯಂತ್ರದ ಇಂಟರ್‌ನೆಟ್ ತಂತಿ ಬಿಚ್ಚಿಸಿ, ಅದನ್ನು ತೂಕದ ಚೀಟಿ ಬರೆಯಲು ಮಾತ್ರ ಇಟ್ಟಿದ್ದೇವೆ. ಬದಲಿ ಯಂತ್ರದ ಅಂದಾಜು ಪಟ್ಟಿ ಕಚೇರಿಯ ಫಲಕದಲ್ಲಿದೆ. ಆಕ್ಷೇಪವಿದ್ದವರು ಮುಂದಿನ ಸಭೆಗೆ ತಪ್ಪದೆ ಬರಬೇಕು.