ಹಳೇ ಜಿಪ್ಸಿಗೆ ಒಂಬತ್ತೂವರೆ ಲೀಟರ್ ಎಣ್ಣೆ: ಮನೆಯಂಗಳದ ರಿಪೇರಿಯ ಲೆಕ್ಕ

ಎಂಜಿನ್ನಿಗೆ ಸುಮಾರು 4 ಲೀಟರ್, ಗೇರ್‌ಬಾಕ್ಸಿಗೆ 1.3, ಟ್ರಾನ್ಸ್‌ಫರ್ ಕೇಸಿಗೆ 0.8, ಮುಂದಿನ ಕ್ರೌನಿಗೆ (ಡಿಫರೆನ್ಷಿಯಲ್) 2, ಹಿಂದಿನ ಕ್ರೌನಿಗೆ 1.5. ಎಲ್ಲ ಸೇರಿದರೆ 9.6 ಲೀಟರ್. ಮಾದರಿಯಿಂದ ಮಾದರಿಗೆ ಒಂದಿಷ್ಟು ಹೆಚ್ಚು ಕಡಿಮೆ ಇರುತ್ತದೆ. ಆದರೂ ದಾಂಡೇಲಿ, ಜೊಯಿಡಾ ಕಡೆ ಇವತ್ತಿಗೂ ಓಡುತ್ತಿರುವ ಮಾರುತಿ ಜಿಪ್ಸಿಗಳ ಆಯುಷ್ಯ ನಿಂತಿರುವುದು ಈ ಐದು ಅಂಕಿಗಳ ಮೇಲೆ. ಮೊದಲನೆಯದು ಎಲ್ಲರಿಗೂ ನೆನಪಿರುತ್ತದೆ. ಉಳಿದ ನಾಲ್ಕನ್ನು ಮರೆತವರು ಕ್ರೌನ್ ಪಿನಿಯನ್ ಊಳಿಡಲು ಶುರುವಾದ ಮೇಲೆ ಹುಬ್ಬಳ್ಳಿಯ ಗ್ಯಾರೇಜಿನ ದಾರಿ ಹಿಡಿಯುತ್ತಾರೆ.

ಹಳೆಯ ಸ್ಪೋರ್ಟ್ಸ್ ಕಾರನ್ನು ಮನೆಯಲ್ಲೇ ಬಿಚ್ಚಿ ಜೋಡಿಸುವ ಹವ್ಯಾಸ ಹೊರದೇಶಗಳಲ್ಲಿ ದೊಡ್ಡದು. ಅಲ್ಲಿನವರ ಅಚ್ಚುಮೆಚ್ಚು 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5. ಎರಡು ಬಾಗಿಲು, ಬಟ್ಟೆಯ ಮೇಲ್ಛಾವಣಿ, 1.6 ಲೀಟರ್ ಎಂಜಿನ್, ಒಂದು ಟನ್ನಿಗಿಂತ ಕಡಿಮೆ ತೂಕ. ನಮ್ಮ ಘಟ್ಟದ ಮಣ್ಣುರಸ್ತೆಗೆ ಅಂಥ ಕಾರು ಇಳಿದರೆ ಮೊದಲ ಹಳ್ಳದಲ್ಲೇ ಹೊಟ್ಟೆ ಕೆರೆದುಕೊಳ್ಳುತ್ತದೆ. ಇಲ್ಲಿ ಆ ಜಾಗದಲ್ಲಿ ಕುಳಿತದ್ದು ಜಿಪ್ಸಿ. 1985ರ ಡಿಸೆಂಬರಿನಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂತು, 1996ರಲ್ಲಿ 1.3 ಲೀಟರಿಗೆ ಏರಿತು. 2000ದಲ್ಲಿ 16 ವಾಲ್ವಿನ, 1298 ಸಿಸಿಯ, 80 ಅಶ್ವಶಕ್ತಿಯ ಎಂಪಿಎಫ್ಐ ಎಂಜಿನ್ ಪಡೆಯಿತು. ಬಟ್ಟೆ ಹೊದಿಕೆಯ ಜಿಪ್ಸಿಯ ತೂಕ 985 ಕೆಜಿ. ಟನ್ನಿಗೆ ಲೆಕ್ಕ ಹಾಕಿದರೆ 81 ಅಶ್ವಶಕ್ತಿ. ಅದರ ಜಾಗಕ್ಕೆ 2023ರಲ್ಲಿ ಬಂದ ಜಿಮ್ನಿಯದು 103 ಅಶ್ವಶಕ್ತಿ, ಸುಮಾರು 1,200 ಕೆಜಿ ತೂಕ, ಟನ್ನಿಗೆ 86. ಎರಡು ದಶಕ ಕಳೆದರೂ ಅಂತರ ಐದೇ. ದೇಶದ ರ‍್ಯಾಲಿಗಳಲ್ಲಿ ಜಿಪ್ಸಿ ಅಷ್ಟು ವರ್ಷ ಓಡಿದ್ದು ಸುಮ್ಮನೆ ಅಲ್ಲ. ಇದು ನಮ್ಮ ಸೀಮೆಯ ಸ್ಪೋರ್ಟ್ಸ್ ಕಾರು ಎಂದು ನಾನು ಪೂರ್ಣ ಮನಸ್ಸಿನಿಂದ ಹೇಳುತ್ತೇನೆ.

ದಾಂಡೇಲಿ, ಜೊಯಿಡಾ, ಹಳಿಯಾಳ, ಮುಂಡಗೋಡ, ಈ ನಾಲ್ಕು ತಾಲ್ಲೂಕುಗಳು ಹತ್ತಿರ ಹತ್ತಿರವಿದ್ದರೂ ಗಾಡಿಗೆ ಬೀಳುವ ಪೆಟ್ಟು ಒಂದೇ ಅಲ್ಲ. ಹಳಿಯಾಳ, ಮುಂಡಗೋಡದಲ್ಲಿ ವರ್ಷದ ಮಳೆ ಸಾವಿರ ಮಿ.ಮೀ. ಸುತ್ತಮುತ್ತ. ಜೊಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಕಡೆ ಅದು 5,000 ದಾಟುವುದುಂಟು. ಮುಂಡಗೋಡದ ಗಾಡಿಯ ಶತ್ರು ದೂಳು, ಜೊಯಿಡಾದ ಗಾಡಿಯ ಶತ್ರು ನೀರು. ದೂಳಿಗೆ 350 ರೂಪಾಯಿಯ ಏರ್ ಫಿಲ್ಟರ್ ಮದ್ದು. ನೀರಿನ ಮದ್ದಿಗೆ ಇನ್ನಷ್ಟು ತಿಳಿವಳಿಕೆ ಬೇಕು.

ಕಾಡಿನ ರಸ್ತೆಯಲ್ಲಿ ಹತ್ತಾರು ಕಿ.ಮೀ. ಓಡಿದ ಮೇಲೆ ಕ್ರೌನ್ ಹೌಸಿಂಗ್ ಕೈ ಇಡಲಾಗದಷ್ಟು ಕಾದಿರುತ್ತದೆ. 80 ಡಿಗ್ರಿ ಎಂದಿಟ್ಟುಕೊಳ್ಳಿ. ಅದೇ ಬಿಸಿಯಲ್ಲಿ 25 ಡಿಗ್ರಿಯ ಹಳ್ಳಕ್ಕೆ ಇಳಿದರೆ ಒಳಗಿನ ಗಾಳಿ ಒಮ್ಮೆಲೇ ತಣ್ಣಗಾಗಿ ಶೇ 15ರಷ್ಟು ಕುಗ್ಗುತ್ತದೆ. ಒಳಗೆ ಮೂರು ಲೀಟರ್ ಗಾಳಿ ಇದ್ದರೆ ಹೆಚ್ಚುಕಡಿಮೆ ಅರ್ಧ ಲೀಟರಿನ ಜಾಗ ಖಾಲಿಯಾಯಿತು. ಆ ಜಾಗ ತುಂಬಲು ಹೌಸಿಂಗ್ ತನ್ನ ಗಾಳಿಕಿಂಡಿಯಾದ ಬ್ರೀದರಿನಿಂದ, ಸವೆದ ಆಯಿಲ್ ಸೀಲಿನಿಂದ ಉಸಿರೆಳೆಯುತ್ತದೆ. ಬ್ರೀದರ್ ನೀರಿನೊಳಗೆ ಮುಳುಗಿದ್ದರೆ ಎಳೆಯುವುದು ನೀರನ್ನೇ. ಹಸ್ತಾ, ಚಿತ್ತಾ ಮಳೆ ಮುಗಿದ ಮೇಲೆ ಡ್ರೈನ್ ಪ್ಲಗ್ ಬಿಚ್ಚಿ ನೋಡಿ. ಎಣ್ಣೆ ಜೇನುಬಣ್ಣ ಅಥವಾ ಕಪ್ಪು ಇದ್ದರೆ ಚಿಂತೆಯಿಲ್ಲ. ಹಾಲು ಬೆರೆಸಿದ ಚಹಾದ ಹಾಗೆ ಮಂದವಾಗಿ ಇಳಿದರೆ ನೀರು ಸೇರಿದೆ ಎಂದೇ ಅರ್ಥ. ಆ ಎಣ್ಣೆಗೆ ಹಲ್ಲುಗಳ ನಡುವೆ ಪದರವಾಗಿ ನಿಲ್ಲುವ ಶಕ್ತಿ ಉಳಿದಿರುವುದಿಲ್ಲ. ಪರಿಹಾರ ಅಗ್ಗ: ಎರಡೂ ಹೌಸಿಂಗಿನ ಬ್ರೀದರಿಗೆ ಒಂದೊಂದು ರಬ್ಬರ್ ಪೈಪ್ ಸಿಕ್ಕಿಸಿ ಬಾನೆಟ್ಟಿನ ಎತ್ತರಕ್ಕೆ ಒಯ್ದು ಕಟ್ಟುವುದು. ಪೈಪ್, ಕ್ಲಿಪ್ ಸೇರಿ ಐನೂರು ರೂಪಾಯಿ ದಾಟುವುದಿಲ್ಲ. ಈ ಗಾಡಿಗೆ ಮಾಡಬಹುದಾದ ಅತ್ಯುತ್ತಮ ಸುಧಾರಣೆ ಯಾವುದು ಎಂದು ಕೇಳಿದರೆ ನನ್ನ ಉತ್ತರ ಇದೇ.

ಈಗ ವರ್ಷದ ಖರ್ಚು. ಬೆಲೆಗಳೆಲ್ಲ ಅಂದಾಜು, ಬ್ರ್ಯಾಂಡು, ಅಂಗಡಿ ಬದಲಾದಂತೆ ಏರಿಳಿಯುತ್ತವೆ. ವರ್ಷಕ್ಕೆ 10,000 ಕಿ.ಮೀ. ಓಡಿಸುವವರು ಎಂಜಿನ್ ಆಯಿಲನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಬದಲಿಸಬೇಕು. ಲೀಟರಿಗೆ 400 ರೂ. ಹಿಡಿದರೆ 8 ಲೀಟರಿಗೆ 3,200. ಎರಡು ಆಯಿಲ್ ಫಿಲ್ಟರಿಗೆ 300. ಗೇರ್ ಆಯಿಲ್ 5.6 ಲೀಟರ್ ಬೇಕು, ಕೊಳ್ಳುವುದು 6 ಲೀಟರ್, 350ರಂತೆ 2,100. ಕೂಲಂಟ್ 5 ಲೀಟರ್, ಎರಡು ವರ್ಷಕ್ಕೊಮ್ಮೆ. ವರ್ಷದ ಪಾಲು 625. ಬ್ರೇಕ್ ಆಯಿಲ್ 350, ಒಂದು ಕೆಜಿ ಗ್ರೀಸ್ 400, ಏರ್ ಫಿಲ್ಟರ್ 350, ನಾಲ್ಕು ಸ್ಪಾರ್ಕ್ ಪ್ಲಗ್ 480, ಚಾಸಿಗೆ ರೆಡ್ ಆಕ್ಸೈಡ್ ಮತ್ತು ತುಕ್ಕು ತಡೆಯುವ ಮೇಣ 750. ಒಟ್ಟು ಸುಮಾರು 8,550 ರೂಪಾಯಿ.

ಇಷ್ಟೇ ಕೆಲಸಕ್ಕೆ ಗ್ಯಾರೇಜಿನ ಕೂಲಿ ವರ್ಷಕ್ಕೆ 4,000 ಎಂದು ಹಿಡಿಯೋಣ. ದಾಂಡೇಲಿಯಿಂದ ಹುಬ್ಬಳ್ಳಿಗೆ ಹೋಗಿಬರಲು ಸುಮಾರು 150 ಕಿ.ಮೀ. ಲೀಟರಿಗೆ 10 ಕಿ.ಮೀ. ಕೊಡುವ ಗಾಡಿಗೆ 15 ಲೀಟರ್ ಪೆಟ್ರೋಲ್, 103 ರೂಪಾಯಿಯಂತೆ 1,545. ಎರಡು ಸಲಕ್ಕೆ 3,090. ಕೂಲಿ ಸೇರಿ ಉಳಿಯುವುದು 7,090. ಜೊಯಿಡಾದವರಿಗೆ ದೂರ ಹೆಚ್ಚು, ಉಳಿತಾಯವೂ ಹೆಚ್ಚು. ಮುಂಡಗೋಡದಿಂದ ಹುಬ್ಬಳ್ಳಿ 45 ಕಿ.ಮೀ. ಆಸುಪಾಸು, ಹಳಿಯಾಳದಿಂದ ಧಾರವಾಡ ಅದಕ್ಕಿಂತಲೂ ಹತ್ತಿರ. ಆ ಎರಡೂರಿನವರು ದುಡ್ಡಿನ ಆಸೆಗೆ ಪಾನಾ ಹಿಡಿಯುವ ಅಗತ್ಯ ಅಷ್ಟಿಲ್ಲ. ಆದರೆ ತಮ್ಮ ಗಾಡಿಯ ಎಣ್ಣೆಯನ್ನು ತಾವೇ ಕಣ್ಣಾರೆ ನೋಡುವ ಲಾಭ ಅವರಿಗೂ ಇದೆ.

ಉಪಕರಣಕ್ಕೆ ಒಮ್ಮೆ ಹಾಕುವ ದುಡ್ಡು: ಸಾಕೆಟ್ ಸೆಟ್ 3,000, ಟಾರ್ಕ್ ರೆಂಚ್ 2,500, ಟ್ರಾಲಿ ಜಾಕ್ 3,500, ಒಂದು ಜೊತೆ ಜಾಕ್ ಸ್ಟ್ಯಾಂಡ್ 1,800, ಗ್ರೀಸ್ ಗನ್ 700, ಗೇರ್ ಆಯಿಲ್ ತುಂಬುವ ಕೈಪಂಪು 500, ತಟ್ಟೆ ಆಲಿಕೆ 500. ಒಟ್ಟು 12,500. ದಾಂಡೇಲಿಯ ಲೆಕ್ಕದಲ್ಲಿ ಇದು ಎರಡು ವರ್ಷದೊಳಗೆ ತೀರುತ್ತದೆ. ಇದರಲ್ಲಿ ಕೈಬಿಡಬಾರದ್ದು ಜಾಕ್ ಸ್ಟ್ಯಾಂಡ್. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಯಾರೂ ತಲೆ ಹಾಕಬಾರದು; ಮಳೆಯಲ್ಲಿ ನೆಂದ ಕೆಮ್ಮಣ್ಣಿನ ಅಂಗಳದಲ್ಲಿ ಜಾಕಿನ ಚಕ್ರ ಹೂತು ವಾಲುವುದಕ್ಕೆ ಒಂದು ನಿಮಿಷ ಸಾಕು. ಸ್ಟ್ಯಾಂಡಿನ ಅಡಿ ದಪ್ಪ ಹಲಗೆ ಹಾಕಿ, ಇಲ್ಲವೇ ಕಾಂಕ್ರೀಟ್ ನೆಲವಿದ್ದಲ್ಲಿ ಕೆಲಸ ಮಾಡಿ.

ಎಣ್ಣೆ ಇಳಿಸುವಾಗ ಒಂದು ಕ್ರಮವಿದೆ. ಕ್ರೌನಿನದಾಗಲಿ, ಗೇರ್‌ಬಾಕ್ಸಿನದಾಗಲಿ, ಮೊದಲು ಬಿಚ್ಚಬೇಕಾದ್ದು ಮೇಲಿನ ತುಂಬುವ ಪ್ಲಗ್. ಇಪ್ಪತ್ತು ವರ್ಷದ ತುಕ್ಕು ಹಿಡಿದ ಪ್ಲಗ್ ಒಮ್ಮೊಮ್ಮೆ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಕೆಳಗಿನದನ್ನು ಮೊದಲು ಬಿಚ್ಚಿ ಎಣ್ಣೆಯೆಲ್ಲ ಹರಿಸಿಬಿಟ್ಟರೆ ಮತ್ತೆ ತುಂಬಲು ದಾರಿಯಿಲ್ಲದೆ ಗಾಡಿ ಅಲ್ಲೇ ನಿಲ್ಲುತ್ತದೆ. ತುಂಬುವಾಗ ಅದೇ ತೂತಿನ ಅಂಚಿಗೆ ಎಣ್ಣೆ ಬಂದು ಹೊರಗೆ ಜಿನುಗಿದರೆ ಸಾಕು. ಇನ್ನೊಂದು ಮಾತು: ಅಂಗಡಿಯಲ್ಲಿ ಬರೀ ‘ಗೇರ್ ಆಯಿಲ್ ಕೊಡಿ’ ಎಂದರೆ ಸಾಲದು. ಕ್ರೌನಿಗೆ ಬೇಕಾದ್ದು ಜಿಎಲ್-5 ದರ್ಜೆಯ 80ಡಬ್ಲ್ಯು-90. ಗೇರ್‌ಬಾಕ್ಸಿನೊಳಗೆ ಹಿತ್ತಾಳೆಯ ಸಿಂಕ್ರೊ ರಿಂಗುಗಳಿರುತ್ತವೆ. ಕೆಲವು ಜಿಎಲ್-5 ಎಣ್ಣೆಗಳ ಗಂಧಕದ ಅಂಶ ಹಿತ್ತಾಳೆಯನ್ನು ತಿನ್ನುತ್ತದೆ. ಅಲ್ಲಿಗೆ ಜಿಎಲ್-4 ಕೇಳುವುದು ಕ್ಷೇಮ. ಡಬ್ಬಿಯ ಮೇಲೆ ಮುದ್ರಿಸಿದ ಈ ಒಂದು ಅಂಕಿಯ ವ್ಯತ್ಯಾಸದಲ್ಲಿ ಗೇರ್‌ಬಾಕ್ಸ್ ಬಿಚ್ಚಿಸುವ ಖರ್ಚು ಅಡಗಿದೆ.

ಸುಧಾರಣೆಯ ವಿಷಯಕ್ಕೆ ಬಂದರೆ ಹುಡುಗರ ಮೊದಲ ಆಸೆ ದಪ್ಪ ಟೈರು. ಕಂಪನಿಯ ಅಳತೆ 205/70 ಆರ್15. ಎತ್ತರ 668 ಮಿ.ಮೀ. ಅದನ್ನು ತೆಗೆದು 235/75 ಆರ್15 ಹಾಕಿದರೆ ಎತ್ತರ 733 ದಾಟುತ್ತದೆ, ಶೇ 10ರಷ್ಟು ಹೆಚ್ಚು. ಮೀಟರ್ 60 ತೋರಿಸುವಾಗ ಗಾಡಿ ಓಡುತ್ತಿರುವುದು 66ರಲ್ಲಿ. ಓಡೋಮೀಟರಿನ 10,000 ನಿಜದಲ್ಲಿ 11,000. ಎಣ್ಣೆ ಬದಲಿಸುವ ಲೆಕ್ಕವೂ ಅಷ್ಟೇ ಹಿಂದೆ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಚಕ್ರ ದೊಡ್ಡದಾದಷ್ಟು ನೆಲ ತಳ್ಳುವ ಬಲ ಕುಗ್ಗುತ್ತದೆ. ಈ ಎಂಜಿನ್ನಿನ ಟಾರ್ಕ್ 103 ನ್ಯೂಟನ್ ಮೀಟರ್, ಅದೂ 4,500 ಸುತ್ತಿನಲ್ಲಿ. ಅಣಶಿ ಘಟ್ಟದ ತಿರುವಿನಲ್ಲಿ ಅದರ ಶೇ 9ರಷ್ಟು ಕೈಬಿಟ್ಟರೆ ಚಾಲಕ ಅರ್ಧ ಕ್ಲಚ್ಚಿನಲ್ಲೇ ಏರಿಸಬೇಕಾಗುತ್ತದೆ. ದಪ್ಪ ಟೈರಿನ ಖರ್ಚು ಟೈರಿನಲ್ಲಿ ಮುಗಿಯುವುದಿಲ್ಲ, ಕ್ಲಚ್ ಪ್ಲೇಟಿನಲ್ಲಿ ಮುಂದುವರಿಯುತ್ತದೆ. 215/75 ಆರ್15 ಆದರೆ ಎತ್ತರ 703, ಹೆಚ್ಚಳ ಶೇ 5, 60ಕ್ಕೆ 63. ಅಲ್ಲಿಗೆ ನಿಲ್ಲಿಸುವುದು ಜಾಣತನ. ಐದು ಟೈರಿಗೆ, 5,500ರಂತೆ, 27,500 ಆಗುತ್ತದೆ.

ಹೆಡ್‌ಲೈಟಿನದು ಇದಕ್ಕೆ ತದ್ವಿರುದ್ಧ: ಖರ್ಚು ಚಿಕ್ಕದು, ಲಾಭ ದೊಡ್ಡದು. ಎರಡು 60 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತವೆ. ಹಳೆಯ ತೆಳು ವೈರು, ಸುಟ್ಟು ಕಪ್ಪಾದ ಸ್ವಿಚ್ಚು ದಾಟುವಷ್ಟರಲ್ಲಿ 12 ವೋಲ್ಟಿನಲ್ಲಿ ಒಂದೂವರೆ ಸೋರಿದರೆ ಬಲ್ಬಿಗೆ ಸಿಗುವುದು 10.5. ವೋಲ್ಟೇಜ್ ಕಡಿಮೆಯಾದದ್ದು ಶೇ 12.5, ಆದರೆ ಹ್ಯಾಲೊಜೆನ್ ಬಲ್ಬಿನ ಬೆಳಕು ಅದಕ್ಕಿಂತ ಬೇಗ ಇಳಿಯುತ್ತದೆ, ಮೂರನೆಯ ಒಂದು ಪಾಲಿಗೂ ಹೆಚ್ಚು ಹೋಗುತ್ತದೆ. ಬ್ಯಾಟರಿಯಿಂದ ನೇರ ದಪ್ಪ ವೈರು, ಎರಡು ರಿಲೇ, ಒಂದು ಫ್ಯೂಸ್ ಹಾಕಲು ಸಾವಿರ ರೂಪಾಯಿ ಸಾಕು. ಅದೇ ಹಳೆಯ ಬಲ್ಬು ಹೊಸ ಬೆಳಕು ಕೊಡುತ್ತದೆ. ಕಾಡೆಮ್ಮೆ, ಜಿಂಕೆ ಅಡ್ಡ ಬರುವ ರಸ್ತೆಯಲ್ಲಿ ಈ ಸಾವಿರಕ್ಕೆ ಬೆಲೆ ಕಟ್ಟಲಾಗದು.

ಪೆಟ್ರೋಲಿನ ಸಂಗತಿಯೂ ಈಚೆಗೆ ಬದಲಾಗಿದೆ. 2025ರ ಹೊತ್ತಿಗೆ ಪಂಪಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬಂತು. ಕಬ್ಬು ಬೆಳೆಯುವ ಹಳಿಯಾಳದವರಿಗೆ ಇದರಿಂದ ಅನುಕೂಲವಿರಬಹುದು, ಆದರೆ ಹಳೇ ಜಿಪ್ಸಿಗೆ ಎರಡು ತೊಡಕು. ಎಥನಾಲಿನಲ್ಲಿ ಶಕ್ತಿ ಕಡಿಮೆಯಾದ್ದರಿಂದ ಮಿಶ್ರಣದ ಶಕ್ತಿ ಶೇ 7ರಷ್ಟು ಇಳಿಯುತ್ತದೆ. 40 ಲೀಟರಿನ ಟ್ಯಾಂಕ್ ತುಂಬಿಸಿದರೆ 400 ಕಿ.ಮೀ. ಹೋಗುತ್ತಿದ್ದ ಗಾಡಿ 372ಕ್ಕೆ ನಿಲ್ಲುತ್ತದೆ. ಎರಡನೆಯದು, ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಇಂಧನದ ರಬ್ಬರ್ ಪೈಪುಗಳನ್ನೆಲ್ಲ ಒಮ್ಮೆ ಬದಲಿಸಿಬಿಡಿ. ಸಾವಿರದೈನೂರರೊಳಗೆ ಆಗುವ ಕೆಲಸ. ಮಳೆಗಾಲದಲ್ಲಿ ಗಾಡಿ ನಿಲ್ಲಿಸಿಡುವುದಾದರೆ ಟ್ಯಾಂಕ್ ಅರ್ಧ ಇಡಬೇಡಿ. ಖಾಲಿ ಜಾಗದ ತೇವಗಾಳಿಯೇ ತಗಡಿನ ಟ್ಯಾಂಕಿಗೆ ಒಳಗಿನಿಂದ ತುಕ್ಕು ಹಿಡಿಸುವುದು.

ಕ್ರೌನ್ ಪಿನಿಯನ್ ಕೂರಿಸುವುದು, ಟೈಮಿಂಗ್ ಬೆಲ್ಟ್, ಬ್ರೇಕಿನ ಲೋಹದ ಪೈಪು, ಸ್ಟೇರಿಂಗ್ ನಕಲ್ ಇವಕ್ಕೆ ಅಂಗಳ ತಕ್ಕ ಜಾಗವಲ್ಲ. ಪಿನಿಯನ್ ಹಲ್ಲುಗಳ ನಡುವಿನ ಸಡಿಲ ಅಳೆಯುವುದೇ ಮಿ.ಮೀ.ನ ನೂರನೆಯ ಭಾಗಗಳಲ್ಲಿ. ಡಯಲ್ ಗೇಜ್ ಇರುವ, ಅದರಲ್ಲೇ ಕೈ ಪಳಗಿದ ಮೆಕ್ಯಾನಿಕ್ಕಿಗೇ ಕೊಡಬೇಕು.

ಇಳಿಸಿದ ಹಳೆ ಎಣ್ಣೆ ವರ್ಷಕ್ಕೆ 13 ಲೀಟರ್ ದಾಟುತ್ತದೆ. ಗೆದ್ದಲಿಗೆಂದು ಬೇಲಿಯ ಕಂಬಕ್ಕೆ ಬಳಿಯುವುದು, ಕಮಾನ್ ಪಾಟಾಕ್ಕೆ ಹೊಡೆಯುವುದು ನಮ್ಮ ಕಡೆ ಮಾಮೂಲು. ಮೊದಲ ಮಳೆಗೆ ಅದು ಹಳ್ಳ ಸೇರಿ ಕಾಳಿ ನದಿಗೆ ಇಳಿಯುತ್ತದೆ. ಒಂದು ಲೀಟರ್ ಎಣ್ಣೆ ಹತ್ತು ಲಕ್ಷ ಲೀಟರ್ ನೀರನ್ನು ಕೆಡಿಸಬಲ್ಲದು ಎಂಬುದು ಅಮೆರಿಕದ ಪರಿಸರ ಇಲಾಖೆ ಹೇಳುವ ಪ್ರಮಾಣ. ಹೊಸ ಎಣ್ಣೆ ಬಂದ ಡಬ್ಬಿಯಲ್ಲೇ ಹಳೆಯದನ್ನು ತುಂಬಿ, ಮರುಬಳಕೆಯವರಿಗೆ ಎಣ್ಣೆ ಕೊಡುವ ಗ್ಯಾರೇಜಿನ ಡ್ರಮ್ಮಿಗೆ ಸುರಿಯಬೇಕು. ಹುಲಿ ಸಂರಕ್ಷಿತ ಪ್ರದೇಶದ ಮಗ್ಗುಲಲ್ಲಿ ಬದುಕುವವರು ಇದರಲ್ಲಿ ಸಡಿಲ ಬಿಡಬಾರದು.

ಕೊನೆಗೆ ಕಾಗದಪತ್ರ. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಕಾರಿನ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಏರಿತು. 2025ರ ಆಗಸ್ಟಿನಿಂದ 20 ವರ್ಷ ದಾಟಿದ ಕಾರಿಗೆ 10,000, ತೆರಿಗೆ ಬೇರೆ. ಕೆಎ-65 ಫಲಕದ ಗಾಡಿಗಳಿಗೆ ದಾಂಡೇಲಿಯಲ್ಲೇ ಕಚೇರಿಯಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮತ್ತು 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದು. ಬೇರೆ ಎಂಜಿನ್, ಚಾಸಿ ಕತ್ತರಿಸುವಿಕೆಯ ಯೋಚನೆ ಇದ್ದವರು ತಪಾಸಣೆಗೆ ಒಯ್ಯುವ ಮೊದಲೇ ಇದನ್ನು ತಿಳಿದಿರಬೇಕು.

ಐದು ವರ್ಷ, 50,000 ಕಿ.ಮೀ.ಗೆ ಎಲ್ಲ ಕೂಡಿಸಿ: ಎಣ್ಣೆ ಗ್ರೀಸು ಫಿಲ್ಟರು 42,750, ಉಪಕರಣ 12,500, ಟೈರು 27,500, ಬ್ರೀದರ್, ರಿಲೇ, ಇಂಧನ ಪೈಪು 3,000, ನೋಂದಣಿ 10,000. ಒಟ್ಟು 95,750. ಕಿ.ಮೀ.ಗೆ ಎರಡು ರೂಪಾಯಿಗೂ ಕಡಿಮೆ. ಎಥನಾಲಿನ ನಷ್ಟ ಬಿಟ್ಟು ಲೀಟರಿಗೆ 10 ಕಿ.ಮೀ. ಎಂದೇ ಹಿಡಿದರೂ ಅದೇ ದೂರಕ್ಕೆ ಸುಡುವ ಪೆಟ್ರೋಲ್ 5,000 ಲೀಟರ್, 5.15 ಲಕ್ಷ ರೂಪಾಯಿ, ಕಿ.ಮೀ.ಗೆ ಹತ್ತು ರೂಪಾಯಿ ಮೂವತ್ತು ಪೈಸೆ.