ಫ್ರೀಜರಿನ ಮೀನಿಗೆ ಐಸ್ ಬಿಡಿಸುವುದು ಹೇಗೆ?

ಬೇಸಿಗೆ ಬಂತೆಂದರೆ ಸೊರಬದ ಕಡೆ ಕೆರೆಬೇಟೆಯ ಸುದ್ದಿ ಶುರುವಾಗುತ್ತದೆ. ಕೆರೆಯ ನೀರು ತಳ ಹಿಡಿದಾಗ ಊರವರು ಸೇರಿ ದಿನ ಗೊತ್ತು ಮಾಡುತ್ತಾರೆ. ಬಿದಿರಿನ ಕೂಣಿ ಹಿಡಿದವರು ದಡದ ಸುತ್ತ ನಿಂತಿದ್ದು, ಸೂಚನೆ ಸಿಕ್ಕಿದ ಕೂಡಲೇ ಕೆಸರಿಗೆ ನುಗ್ಗುತ್ತಾರೆ. ತಳವಿಲ್ಲದ ಬುಟ್ಟಿಯಂಥ ಕೂಣಿಯನ್ನು ಕೆಸರಿಗೆ ಊರಿ, ಮೇಲಿನ ಬಾಯಿಂದ ಕೈ ಹಾಕಿ ಮೀನು ಹಿಡಿಯುತ್ತಾರೆ. ಅಂದು ನೆಂಟರ ಮನೆಗಳಿಗೂ ಪಾಲು ಹೋಗುತ್ತದೆ. ಶಿಕಾರಿಪುರದ ನಮ್ಮ ಮನೆಗೂ ಬರುತ್ತದೆ.

ಬರುವುದೆಲ್ಲ ಒಂದೇ ದಿನ. ಅಷ್ಟನ್ನೂ ಅಂದೇ ತಿಂದು ಮುಗಿಸಲು ಆಗದು. ಉಳಿದದ್ದನ್ನು ಕೆಡದಂತೆ ಇಡುವುದು ಹೇಗೆ ಎನ್ನುವುದು ನಮ್ಮಜ್ಜಿಯ ಕಾಲಕ್ಕೂ ಇದ್ದ ಪ್ರಶ್ನೆಯೇ.

ಅಜ್ಜಿಯ ಉಪಾಯ, ಫ್ರೀಜರಿನ ಉಪಾಯ

ನಮ್ಮಜ್ಜಿ ಮೀನನ್ನು ಸೀಳಿ, ಉಪ್ಪು ಸವರಿ, ಬಿಸಿಲಿಗೆ ಒಣಗಿಸಿ, ಆಮೇಲೆ ಒಲೆಯ ಮೇಲಿನ ಹೊಗೆಗೆ ಕಟ್ಟುತ್ತಿದ್ದರು. ಮೀನಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಸೂಕ್ಷ್ಮಜೀವಿಗಳು ಬೆಳೆಯಲು ಆ ನೀರು ಬೇಕು. ಉಪ್ಪು, ಬಿಸಿಲು, ಹೊಗೆ ಮೂರೂ ಸೇರಿ ನೀರನ್ನು ಹೊರಹಾಕುತ್ತಿದ್ದವು.

ಯುರೋಪಿನ ಹಳ್ಳಿಗಳಲ್ಲೂ ಇದೇ ಉಪಾಯ ನಡೆಯುತ್ತಿತ್ತು. ಬೆಂಗಳೂರಿನಿಂದ ರಜೆಗೆ ಬರುವ ಮೊಮ್ಮಕ್ಕಳು ಈಗ ತರುವ ಬೇಕನ್ ಎಂದರೆ ಹಂದಿಯ ಹೊಟ್ಟೆಭಾಗದ ಮಾಂಸಕ್ಕೆ ಉಪ್ಪು ಹಿಡಿಸಿ, ಹೊಗೆಯಲ್ಲಿಟ್ಟು ತಯಾರಿಸಿದ್ದು. ಹಿಂದಿನವರು ಹೊರಗೇ ತೂಗುಹಾಕುತ್ತಿದ್ದರು. ಇಂದಿನ ಪ್ಯಾಕೆಟ್ಟಿನ ಬೇಕನ್ನಿಗೆ ಉಪ್ಪು ಕಡಿಮೆ, ನೀರು ಹೆಚ್ಚು. ಹಾಗಾಗಿ ಅದನ್ನು ತಣ್ಣಗೇ ಇಡಬೇಕು.

ಫ್ರೀಜರ್ ನೀರನ್ನು ಹೊರಹಾಕುವುದಿಲ್ಲ, ಒಳಗೇ ಕಟ್ಟಿಹಾಕುತ್ತದೆ. ಮೈನಸ್ 18 ಡಿಗ್ರಿ ಚಳಿಯಲ್ಲಿ ನೀರಿನ ಹೆಚ್ಚಿನ ಪಾಲು ಐಸಾಗಿ, ಸೂಕ್ಷ್ಮಜೀವಿಗಳು ಬೆಳೆಯುವುದು ನಿಲ್ಲುತ್ತದೆ. ಮೊಮ್ಮಗಳು ಕೇಳಿದಳು: "ಅಜ್ಜಿ, ಅಷ್ಟು ಚಳೀಲಿ ಅವು ಸತ್ತೇ ಹೋಗಲ್ವಾ?" ಇಲ್ಲ ಮಗಾ, ಹೆಚ್ಚಿನವು ಸಾಯುವುದಿಲ್ಲ, ನಿದ್ದೆ ಹೋಗುತ್ತವೆ. ಐಸ್ ಬಿಟ್ಟೊಡನೆ ಏಳುತ್ತವೆ. ಫ್ರೀಜರಿನಲ್ಲಿ ಇಡುವುದಕ್ಕಿಂತ ಹೊರಗೆ ತೆಗೆಯುವಾಗ ಹೆಚ್ಚು ಎಚ್ಚರ ಬೇಕಾಗುವುದು ಇದಕ್ಕೇ.

ಅಡುಗೆಕಟ್ಟೆಯ ಮೇಲೆ ಏಕೆ ಬೇಡ?

ಬೆಳಿಗ್ಗೆ ಎಂಟಕ್ಕೆ ಪ್ಯಾಕೆಟ್ಟನ್ನು ಅಡುಗೆಕಟ್ಟೆಯ ಮೇಲಿಟ್ಟು, ಮಧ್ಯಾಹ್ನ ಸಾರು ಮಾಡುವುದು ಅನೇಕ ಮನೆಗಳ ರೂಢಿ. ನೋಡಲು ಸಲೀಸು. ಒಳಗೆ ನಡೆಯುವುದೇ ಬೇರೆ.

ಶಾಲೆಯ ಮಕ್ಕಳು ಈ ಲೆಕ್ಕ ಗಮನಿಸಿ. ಸೊನ್ನೆ ಡಿಗ್ರಿಯ ಒಂದು ಕಿಲೋ ಐಸನ್ನು ಬರೀ ನೀರು ಮಾಡಲು ಬೇಕಾಗುವಷ್ಟು ಶಾಖದಲ್ಲಿ, ಒಂದು ಕಿಲೋ ನೀರನ್ನು ಸೊನ್ನೆಯಿಂದ ಸುಮಾರು 80 ಡಿಗ್ರಿಯವರೆಗೆ ಬಿಸಿ ಮಾಡಬಹುದು. ಐಸ್ ಬಿಡಲು ಅಷ್ಟು ಹೊತ್ತು ಹಿಡಿಯುವುದು ಇದರಿಂದಲೇ. ಇನ್ನೊಂದು ಸಂಗತಿಯೂ ಇದೆ. ಐಸಿಗೆ ಹೋಲಿಸಿದರೆ ನೀರಿನಲ್ಲಿ ಶಾಖ ಹರಿಯುವುದು ನಿಧಾನ. ಹೊರಪದರ ಕರಗಿದ ಮೇಲೆ ಅದೇ ಕಂಬಳಿಯಂತಾಗಿ, ಒಳಗಿನ ಐಸಿಗೆ ಶಾಖ ಬೇಗ ತಲುಪಲು ಬಿಡುವುದಿಲ್ಲ.

ಹೀಗೆ ನಡುವೆ ಐಸ್ ಗಟ್ಟಿಯಾಗಿದ್ದಾಗಲೇ ಹೊರಗಿನ ಮಾಂಸ ಕೋಣೆಯ ಬಿಸಿಗೆ ಬಂದಿರುತ್ತದೆ. ಐದರಿಂದ 60 ಡಿಗ್ರಿಯ ನಡುವೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಹವೆ ಹದವಾಗಿದ್ದರೆ ಕೆಲವು ಜಾತಿಯವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಗಂಟೆಯಲ್ಲಿ ಎಷ್ಟಾಗುತ್ತವೆ? ಹನ್ನೆರಡು ಸಲ ಇಮ್ಮಡಿ ಮಾಡಿ ನೋಡಿ: 4096!

"ಚೆನ್ನಾಗಿ ಕುದಿಸಿದರೆ ಆಯ್ತಲ್ಲ" ಎನ್ನುವವರಿದ್ದಾರೆ. ಕುದಿಸಿದರೆ ಸೂಕ್ಷ್ಮಜೀವಿಗಳು ಸಾಯುತ್ತವೆ. ಆದರೆ ಅವು ಬಿಟ್ಟ ಕೆಲವು ಬಗೆಯ ವಿಷ ಕುದಿಸಿದರೂ ಹೋಗದು. ವಾಸನೆ ನೋಡಿ ತಿಳಿಯಲೂ ಯಾವಾಗಲೂ ಆಗದು. ಗಟ್ಟಿ ಆಳಿಗೆ ಒಂದು ದಿನದ ಹೊಟ್ಟೆನೋವು ಆಗಿ ಹೋಗುವಂಥದ್ದು, ಪುಟ್ಟ ಮಕ್ಕಳನ್ನೂ ನಮ್ಮಂಥ ವಯಸ್ಸಾದವರನ್ನೂ ಆಸ್ಪತ್ರೆಗೆ ಸೇರಿಸಬಹುದು. ಹಗಲಿನಲ್ಲಿ ಮನೆಯಲ್ಲಿ ಇರುವವರು, ಆ ಸಾರು ಉಣ್ಣುವವರು ಹೆಚ್ಚಾಗಿ ಇವರೇ.

ಸರಿಯಾದ ಮೂರು ದಾರಿ

ಒಂದು: ನಾಳೆಯ ಅಡುಗೆಗೆ ಬೇಕಾದದ್ದನ್ನು ಇಂದು ರಾತ್ರಿಯೇ ಫ್ರೀಜರಿನಿಂದ ಕೆಳಗಿನ ಫ್ರಿಜ್ಜಿಗೆ ಇಳಿಸಿ. ಅಡಿಗೆ ಒಂದು ತಟ್ಟೆ ಇರಲಿ, ನೀರು ಸೋರಿ ಹಾಲು, ತರಕಾರಿಗೆ ತಾಗಬಾರದು. ಅಲ್ಲಿ 4 ಡಿಗ್ರಿಯ ಆಸುಪಾಸಿನ ತಂಪು ಇರುವುದರಿಂದ ಹೊರಪದರ ಕರಗಿದರೂ ಬಿಸಿಯೇರುವುದಿಲ್ಲ. ಮೀನಾದರೆ ಒಂದೆರಡು ದಿನದೊಳಗೆ ಬೇಯಿಸಿ.

ಎರಡು: ಅವಸರವಿದ್ದರೆ ನೀರು ಒಳಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಅರ್ಧ ಕಿಲೋ ಸುಮಾರು ಒಂದು ಗಂಟೆಯಲ್ಲಿ ಬಿಡುತ್ತದೆ. ಬಿಟ್ಟ ಕೂಡಲೇ ಒಲೆಗೆ ಏರಿಸಬೇಕು. ಬಿಸಿನೀರು ಮಾತ್ರ ಬೇಡ.

ತಣ್ಣೀರು ಗಾಳಿಗಿಂತ ಬೇಗ ಐಸ್ ಬಿಡಿಸುತ್ತದೆಯೇ? ಮಕ್ಕಳೇ, ಎರಡು ಐಸ್ ತುಂಡು ತೆಗೆದುಕೊಂಡು ಒಂದನ್ನು ತಟ್ಟೆಯಲ್ಲಿ, ಇನ್ನೊಂದನ್ನು ಬಟ್ಟಲು ತಣ್ಣೀರಿನಲ್ಲಿ ಹಾಕಿ, ಗಡಿಯಾರ ನೋಡಿ. ಉತ್ತರ ನಿಮಗೇ ಸಿಗುತ್ತದೆ.

ಮೂರು: ಐಸ್ ಬಿಡಿಸದೆಯೇ ಬೇಯಿಸುವುದು. ತೆಳ್ಳನೆಯ ಮೀನಿನ ತುಂಡುಗಳನ್ನು ಕುದಿಯುವ ಸಾರಿಗೆ ನೇರವಾಗಿ ಹಾಕಬಹುದು. ಎಂದಿನ ಹೊತ್ತಿಗಿಂತ ಅರ್ಧದಷ್ಟು ಹೆಚ್ಚು ಬೇಯಿಸಬೇಕು. ಕಾದ ಎಣ್ಣೆಗೆ ಮಾತ್ರ ಐಸ್ ಹಿಡಿದ ತುಂಡು ಹಾಕಬೇಡಿ, ಎಣ್ಣೆ ಸಿಡಿದು ಮೈಸುಟ್ಟೀತು.

ಬೇಕನ್ನಿಗೂ ಇದೇ ನಿಯಮ. ರಾತ್ರಿ ಫ್ರಿಜ್ಜಿಗೆ ಇಳಿಸಿದರೆ ಬೆಳಿಗ್ಗೆ ಅಂಟಿಕೊಂಡ ಪಟ್ಟಿಗಳು ಹರಿಯದೆ ಬಿಡಿಬಿಡಿಯಾಗುತ್ತವೆ. ಕಾಯದ ಕಾವಲಿಯ ಮೇಲೆ ಹರಡಿ ಸಣ್ಣ ಉರಿ ಇಡಿ. ಅದರ ಕೊಬ್ಬೇ ಕರಗಿ ಅದರಲ್ಲೇ ಗರಿಗರಿಯಾಗುತ್ತದೆ, ಬೇರೆ ಎಣ್ಣೆ ಬೇಡ. ಉಪ್ಪೂ ಬೇಡ. ರಕ್ತದೊತ್ತಡ ಇರುವ ಅಜ್ಜ ಅಜ್ಜಿಯರು ಒಂದು ತುಂಡು ರುಚಿ ನೋಡಿದರೆ ಸಾಕು.

ಕರೆಂಟು ಹೋದರೆ?

ಕೆರೆಬೇಟೆಯ ಬೆನ್ನಿಗೇ ಗುಡುಗುಮಳೆಯ ದಿನಗಳು ಬರುತ್ತವೆ. ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬಂದೀತೋ! ಬಾಗಿಲು ತೆಗೆಯದಿದ್ದರೆ, ತುಂಬಿದ ದೊಡ್ಡ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು ಸುಮಾರು 24 ಗಂಟೆ ತಂಪು ಹಿಡಿದಿಡುತ್ತದೆ. ಕೆಳಗಿನ ಫ್ರಿಜ್ಜಿಗೆ ನಾಲ್ಕೇ ಗಂಟೆ.

ಊರಿಗೆ ಹೋಗಿ ಬರುವವರಿಗೆ ಒಂದು ಸುಲಭ ಪರೀಕ್ಷೆ ಇದೆ. ಒಂದು ಲೋಟ ನೀರನ್ನು ಫ್ರೀಜರಿನಲ್ಲಿಟ್ಟು ಐಸಾದ ಮೇಲೆ ಅದರ ಮೇಲೊಂದು ನಾಣ್ಯ ಇಟ್ಟು ಹೋಗಿ. ಮರಳಿದಾಗ ನಾಣ್ಯ ಮೇಲೆಯೇ ಇದ್ದರೆ ಚಿಂತೆಯಿಲ್ಲ. ತಳಕ್ಕೆ ಇಳಿದಿದ್ದರೆ, ನೀವಿಲ್ಲದಾಗ ಐಸೆಲ್ಲ ಕರಗಿ ಮತ್ತೆ ಕಟ್ಟಿದೆ ಎಂದರ್ಥ. ಆ ಮೀನು ಎಷ್ಟೇ ಗಟ್ಟಿಯಾಗಿ ಕಂಡರೂ ತಿನ್ನಬೇಡಿ.

ಇನ್ನೊಂದು ಕಿವಿಮಾತು. ಮೀನು ಬಂದ ದಿನವೇ ಒಂದು ಹೊತ್ತಿಗೆ ಬೇಕಾಗುವಷ್ಟನ್ನು ಬೇರೆ ಬೇರೆ ಮಾಡಿ, ಚಪ್ಪಟೆಯಾಗಿ ಕಟ್ಟಿ ಇಡಿ. ಬೇಗ ಐಸಾಗುತ್ತದೆ, ಬೇಗ ಬಿಡುತ್ತದೆ, ಉಳಿದದ್ದನ್ನು ಮತ್ತೆ ಫ್ರೀಜರಿಗೆ ತಳ್ಳುವ ಪ್ರಮೇಯವೂ ಇಲ್ಲ. ಪ್ಯಾಕೆಟ್ಟಿನ ಮೇಲೆ ತಾರೀಖು ಬರೆಯುವ ಕೆಲಸ ನಮ್ಮ ಮನೆಯಲ್ಲಿ ಮೊಮ್ಮಗಳದು. ನನಗೆ ಕಾಣಲಿ ಎಂದು ದೊಡ್ಡ ಅಕ್ಷರದಲ್ಲೇ ಬರೆಯುತ್ತಾಳೆ.